ವಿಜಾಪುರದ ಹಳೆಯ ಮಹಲುಗಳ ಮರುಬಾಳು

ವಿಜಾಪುರ ಜಿಲ್ಲೆಯ ಕಾಖಂಡಕಿಯೆಂದೊಡನೆ ಆಸ್ತಿಕರಿಗೆ ಹರಿದಾಸರಾದ ಮಹಿಪತಿದಾಸರ ಸ್ಮರಣೆಯಾಗುವುದು ಸಹಜ. ಆದಿಲಶಾಹಿ ದರಬಾರಿನ ಉನ್ನತಾಧಿಕಾರವನ್ನು ತೃಣವೆಂದು ತ್ಯಜಿಸಿ ಈ ಗ್ರಾಮದಲ್ಲಿ ನೆಲೆಸಿದರೆಂದು ಸಂಪ್ರದಾಯವು ಹೇಳುವ ಆ ಮಹನೀಯರು ಕಂಡಿದ್ದ ವಿಜಾಪುರದ ವೈಭವವು, 1686ರಲ್ಲಿ ನಗರವು ಔರಂಗಜೇಬನ ವಶವಾದ ತರುವಾಯ ಕ್ರಮೇಣ ಕ್ಷಯಿಸಿ, ಮಹಲುಗಳು ನಿರ್ಜನವಾದುವು.

ಹೀಗೆ ತೊರೆದ ಕಟ್ಟಡಗಳಿಗೆ ಹೊಸ ಉಪಯೋಗವನ್ನು ಕಲ್ಪಿಸುವುದು ಇಂದಿನ ಮಾತಲ್ಲ. ಮುಂಬಯಿಯ ಕಮಲಾ ಮಿಲ್ಲಿನಂತಹ ಹಳೆಯ ಬಟ್ಟೆಗಿರಣಿಗಳ ಆವರಣದಲ್ಲಿ ಇಂದು ಉಪಾಹಾರಗೃಹಗಳು ತೆರೆದಿರುವುದನ್ನು ಜನರು ನವೀನ ಪದ್ಧತಿಯೆಂದೆಣಿಸುತ್ತಾರೆ. ಆದರೆ 1885ರಲ್ಲಿ ಜಿಲ್ಲೆಯ ಕೇಂದ್ರವು ಕಲಾದಗಿಯಿಂದ ವಿಜಾಪುರಕ್ಕೆ ಬಂದಾಗಲೇ, ಆಂಗ್ಲ ಅಧಿಕಾರಿಗಳು ನಗರದ ಒಳಕೋಟೆಯಾದ ಅರಕಿಲ್ಲೆಯ ಜೀರ್ಣಮಹಲುಗಳನ್ನು ದುರಸ್ತಿಗೊಳಿಸಿ ಕಚೇರಿಗಳನ್ನಾಗಿ ಮಾಡಿಕೊಂಡರು. ಛಾವಣಿಯುಳ್ಳ, ಜನ ಓಡಾಡುವ ಕಟ್ಟಡವು ಬಾಳುತ್ತದೆ, ತೊರೆದುದು ಬೀಳುತ್ತದೆಯಾದುದರಿಂದ, ಆ ಕಾರ್ಯದಲ್ಲಿ ಹಿತವೂ ಇದ್ದಿತೆಂದು ನಾನು ಒಪ್ಪುತ್ತೇನೆ.

ಆದರೆ ಅವರಿಗೆ ಮಿತಿಯು ತಿಳಿಯಲಿಲ್ಲ. ಒಂದು ಮಸೀದಿಯು ಪ್ರವಾಸಿಗಳು ಉಂಡು ಮಲಗುವ ಡಾಕ್ ಬಂಗಲೆಯಾಯಿತು, ಮತ್ತೊಂದು ಅಂಚೆಕಚೇರಿಯಾಯಿತು! ಮುಂದೆ ವೈಸರಾಯನಾದ ಲಾರ್ಡ್ ಕರ್ಜನ್ ಇವೆರಡನ್ನೂ ತೆರವುಗೊಳಿಸಿದನು. ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಶಾಸನವು 1904ರಲ್ಲಿ ಅವನ ಕಾಲದಲ್ಲಿಯೇ ಜಾರಿಗೆ ಬಂದಿತು. ದುಡಿಮೆಗೆಂದೇ ಕಟ್ಟಿದ ಗಿರಣಿಯಲ್ಲಿ ಅಡುಗೆಯ ಒಲೆ ಹೊತ್ತಿದರೆ ದೋಷವಿಲ್ಲ. ಪ್ರಾರ್ಥನೆಗೆಂದು ಕಟ್ಟಿದ ಸ್ಥಳದಲ್ಲಿ ಹೊತ್ತುವುದು ಅನುಚಿತವೇ ಸರಿ.

ಗೋಳಗುಮ್ಮಟದ ಮುಂದಿನ ನಗಾರಖಾನೆಯು 1892ರಲ್ಲಿ ವಸ್ತುಸಂಗ್ರಹಾಲಯವಾದುದು ಈ ಎಲ್ಲ ಪರಿವರ್ತನೆಗಳಲ್ಲಿ ಶ್ರೇಷ್ಠವಾದುದು. ಶಾಸನಗಳನ್ನೂ ಶಿಲ್ಪಗಳನ್ನೂ ಹಸ್ತಪ್ರತಿಗಳನ್ನೂ ಅಲ್ಲಿ ಇಂದಿಗೂ ಕಾಣಬಹುದು. ಗುಮ್ಮಟದ ಪ್ರತಿಧ್ವನಿಯನ್ನು ಕೇಳಲು ಧಾವಿಸುವ ವಾಚಕರು ಆ ಕಟ್ಟಡವನ್ನೂ ಸಾವಧಾನವಾಗಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.