ಪದ ಪರಿಚಯ: ಜಿಲ್ಲೆ

ಅರಬ್ಬಿಯಲ್ಲಿ ‘ಪಕ್ಕೆಲುಬು’, ‘ಪಕ್ಕ’ ಎಂಬ ಅರ್ಥದ ಪದವೊಂದು ಪಾರಸಿ, ಹಿಂದೂಸ್ತಾನಿಗಳನ್ನು ಹಾದು ಕನ್ನಡದ ಬಾಯಲ್ಲಿ ‘ಜಿಲ್ಲೆ’ಯಾಯಿತು.

ಬ್ರಿಟಿಷ್ ಕಮಿಷನರುಗಳ ಕಾಲದ ಮೈಸೂರಿನಲ್ಲಿ ಮೊದಲು ಇದ್ದದ್ದು ಫೌಜುದಾರಿ ಎಂಬ ನಾಲ್ಕು ಆಡಳಿತ ವಿಭಾಗಗಳು. 1860ರ ದಶಕದಲ್ಲಿ ಕಮಿಷನರ್ ಬೌರಿಂಗ್ ಸಾಹೇಬರು ಅವನ್ನು ತೆಗೆದು ಮೂರು ವಿಭಾಗ, ಎಂಟು ಜಿಲ್ಲೆ ಮಾಡಿದರು.

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಸೀಮೆಯಲ್ಲಿ ಈ ಪದದ ಕಥೆ ಇನ್ನೂ ಸ್ವಾರಸ್ಯ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಂದ ಜಾಗೀರು, ಮೈಸೂರು ಸಂಸ್ಥಾನದೊಳಗಿನದು. ನೆರೆಯ ಕೊಳ್ಳೇಗಾಲವೋ 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯನ್ನು ಸೇರಿತು. ಹನೂರೂ ಅದರ ಜೊತೆಗೇ ಹೋಯಿತು. ಆಡುವ ಮಾತು ಒಂದೇ ಕನ್ನಡ, ಕಂದಾಯ ಕಟ್ಟುವ ಸರ್ಕಾರ ಮಾತ್ರ ಬೇರೆ!

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬಂತು. 1997ರಿಂದ ಈ ಸೀಮೆಯೆಲ್ಲ ಚಾಮರಾಜನಗರ ಜಿಲ್ಲೆಯಲ್ಲಿದೆ.