ಅಳತೆಯಲ್ಲಿ ಕಳೆದ ಕಾಸು

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಿತವ್ಯಯವನ್ನು ಕುರಿತು ಶಾಲೆಗಳಲ್ಲಿ ನಾವು ಬರೆಯಿಸುವ ಪ್ರಬಂಧಗಳು ಬಹುಮಟ್ಟಿಗೆ ಈ ಮಾತಿನಿಂದಲೇ ಆರಂಭವಾಗುತ್ತವೆ. ಆದರೆ ಹಾಸಿಗೆಯು ಅಂಗಡಿಯಲ್ಲಿಯೇ ತುಂಡಾಗಿ ಬಂದರೆ ಕಾಲು ಚಾಚುವವನ ತಪ್ಪೇನು? ದಿನಸಿ ಕೊಳ್ಳುವ ಸಂಸಾರಿಗನ ಹಣವು ಬೆಲೆಯಲ್ಲಿ ಮಾತ್ರವೇ ಹೋದುದಲ್ಲ. ಅಳತೆಯಲ್ಲಿ, ಚಿಲ್ಲರೆಯಲ್ಲಿ, ಸಾಲದ ಪುಸ್ತಕದಲ್ಲಿ ಹೋದುದೂ ಉಂಟು. ಆ ಕಥೆಯನ್ನು ನಮ್ಮ ಸೀಮೆಯ ಮಟ್ಟಿಗೆ ಇಲ್ಲಿ ವಿಚಾರಿಸೋಣ.

ಇಂದು ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಎಂದು ನಾಲ್ಕಾಗಿರುವ ಪ್ರದೇಶವು 1965ರ ಅಕ್ಟೋಬರ್ 2ರವರೆಗೆ ಸೇಲಂ ಎಂಬ ಒಂದೇ ಜಿಲ್ಲೆಯಾಗಿತ್ತು. ಸೇಲಂ ಪಟ್ಟಣದ ಕನ್ನಡ ದೇವಾಂಗ ನೇಕಾರರೂ ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡ ರೈತರೂ ಸಂತೆಗೆ ಹೋದಾಗ ಎರಡು ಲೆಕ್ಕಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕಾಗಿತ್ತು. ಮದರಾಸಿನ ಪದ್ಧತಿಯಲ್ಲಿ ಮೂರು ತೊಲೆಗೆ ಒಂದು ಪಲ, ನಲವತ್ತು ಪಲಕ್ಕೆ ಒಂದು ವೀಸೆ, ಎಂಟು ವೀಸೆಗೆ ಒಂದು ಮಣ. ಒಂದು ವೀಸೆಯೆಂದರೆ ಈಗಿನ ಲೆಕ್ಕದಲ್ಲಿ ಸುಮಾರು 1 ಕಿಲೋ 400 ಗ್ರಾಂ. ಅದರ ಐದನೆಯ ಒಂದು ಪಾಲು ಕಚ್ಚಾ ಸೇರು: 24 ತೊಲೆ, ಅಂದರೆ ಸುಮಾರು 280 ಗ್ರಾಂ. ಆದರೆ 1939ರ ತೂಕದ ಕಾಯಿದೆಯು ಸ್ಥಿರಪಡಿಸಿದ ಸೇರು 80 ತೊಲೆಯದು. ಅದು 933 ಗ್ರಾಂ! ‘ಸೇರು’ ಎಂಬ ಒಂದೇ ಶಬ್ದದೊಳಗೆ ಮೂರು ಪಟ್ಟಿಗೂ ಮೀರಿದ ಅಂತರವಿದ್ದಿತು. ಸೇರಿಗೆ ಇಷ್ಟು ಎಂಬ ಬೆಲೆಯನ್ನು ಕೇಳಿ ಅಗ್ಗವೆಂದು ಹಿಗ್ಗಿದವನು ಯಾವ ಸೇರು ಎಂದು ಕೇಳದಿದ್ದರೆ ಕೆಟ್ಟನೆಂದೇ ತಿಳಿಯಬೇಕು.

ಧಾನ್ಯದ ವಿಷಯವು ಇನ್ನೂ ಸೂಕ್ಷ್ಮವಾದುದು. ಅಕ್ಕಿ, ರಾಗಿ, ಹುರುಳಿಗಳನ್ನು ತೂಗುತ್ತಿರಲಿಲ್ಲ. ಪಡಿಯಲ್ಲೋ ಬಳ್ಳದಲ್ಲೋ ಅಳೆಯುತ್ತಿದ್ದರು. ಮೇಲೆ ಗೋಪುರ ಕಟ್ಟಿ ಅಳೆದರೆ ಒಂದು ಲೆಕ್ಕ, ಕೋಲಿನಿಂದ ಬಾಯಿ ಸವರಿ ಅಳೆದರೆ ಇನ್ನೊಂದು. ಕೈಯಿಂದ ಮೆಲ್ಲನೆ ಉದುರಿಸಿದ ರಾಗಿ ಸಡಿಲವಾಗಿ ನಿಂತು ಪಾತ್ರೆಯನ್ನು ಬೇಗ ತುಂಬುವುದು. ಒಮ್ಮೆ ಕುಲುಕಿದರೆ ಕೆಳಗಿಳಿಯುವುದು. ರೈತನಿಂದ ಕೊಳ್ಳುವಾಗ ಕುಲುಕಿ, ಕೂಲಿಯವನಿಗೆ ಮಾರುವಾಗ ಉದುರಿಸುವ ವ್ಯಾಪಾರಿಗೆ ಬೆಲೆಯಲ್ಲಿ ಲಾಭವೇ ಬೇಕಾಗಿರಲಿಲ್ಲ. ಇದನ್ನು ಅರಿತ ಮುದುಕಿಯರು ಅಳೆಯುವವನ ಮುಖವನ್ನು ನೋಡದೆ ಕೈಯನ್ನೇ ನೋಡುತ್ತಿದ್ದರು.

1956ರ ಕಾಯಿದೆಯಿಂದ ಹುಟ್ಟಿ, 1958ರ ಅಕ್ಟೋಬರಿನಲ್ಲಿ ಬಳಕೆಗೆ ಬಂದ ಮೀಟರ್ ಪದ್ಧತಿಯು 1962ರ ವೇಳೆಗೆ ದೇಶದ ಅಂಗಡಿಗಳಲ್ಲಿ ನೆಲೆಗೊಂಡಿತು. ಅದಕ್ಕೂ ಮೊದಲು, 1957ರ ಏಪ್ರಿಲ್ 1ರಂದು, ನಾಣ್ಯ ಬದಲಾಯಿತು. ಗಣಿತದ ಉಪಾಧ್ಯಾಯರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಪ್ರಾರ್ಥಿಸುತ್ತೇವೆ. ಹಳೆಯ ರೂಪಾಯಿಗೆ 16 ಆಣೆ, 64 ಕಾಸು. ಹೊಸ ರೂಪಾಯಿಗೆ 100 ನಯಾ ಪೈಸೆ. ಒಂದು ಆಣೆಗೆ ಆರೂಕಾಲು ನಯಾ ಪೈಸೆಯಾಗುವುದರಿಂದ ಅದನ್ನು ಆರು ಎಂದು ಹಿಡಿದರು. ಒಂದು ಕಾಸಿಗೆ ಒಂದೂವರೆಗಿಂತ ತುಸು ಹೆಚ್ಚಾಗುವುದರಿಂದ ಎರಡು ಎಂದು ಹಿಡಿದರು. ನಿಯಮವು ನ್ಯಾಯವಾದುದೇ. ಆದರೆ ಫಲವೇನು? ಒಟ್ಟಿಗೆ ಒಂದಾಣೆಯ ಉಪ್ಪು ಕೊಂಡವನು 6 ನಯಾ ಪೈಸೆ ಕೊಟ್ಟ. ಅದೇ ಉಪ್ಪನ್ನು ನಾಲ್ಕು ದಿನ ಕಾಸುಕಾಸಿಗೆ ಕೊಂಡವಳು 8 ಕೊಟ್ಟಳು. ಹಾಗೆ 64 ಸಲ ಕೊಂಡರೆ ರೂಪಾಯಿಯ ಪದಾರ್ಥಕ್ಕೆ 1 ರೂಪಾಯಿ 28 ನಯಾ ಪೈಸೆ ತೆರಬೇಕು. ದಿನಗೂಲಿಯವರು ಹೆಚ್ಚು ಕೊಡುವಂತೆ ಯಾರೂ ಸಂಚು ಹೂಡಿರಲಿಲ್ಲ; ಭಾಗಾಕಾರದ ಶೇಷವೇ ಆ ಕೆಲಸವನ್ನು ಮಾಡಿತು. ‘ನಯಾ’ ಎಂಬ ಮಾತು 1964ರ ಜೂನಿನಲ್ಲಿ ಕೈಬಿಟ್ಟುಹೋಯಿತು.

ಇನ್ನು ಸಾಲದ ಪುಸ್ತಕ. ಕೈಯಲ್ಲಿ ನಗದಿಲ್ಲದ ನೇಕಾರನು ಒಂದೇ ಅಂಗಡಿಗೆ ಕಟ್ಟುಬಿದ್ದಿರುತ್ತಾನೆ. ತನ್ನ ಹೆಸರು ಬರೆದಿರುವ ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನು ನೋಡುವ ಧೈರ್ಯ ಯಾರಿಗೆ ಬಂದೀತು? ಈ ರೋಗಕ್ಕೆ ಮದ್ದು ಕಂಡುಹಿಡಿದವರೂ ನೇಕಾರರೇ ಎಂಬುದನ್ನು ನಮ್ಮ ಸೇಲಂ ಬಾಲಕರು ತಿಳಿದರೆ ಹರ್ಷಪಡುವರು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೂ ಇತರ ಶ್ರಮಿಕರೂ ಕೂಡಿ 28 ಜನ ಹಣ ಸೇರಿಸಿ, 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಮೊದಲಾದ ಕೆಲವೇ ಪದಾರ್ಥಗಳು ಅವರ ಸರಕು. ಕಲಬೆರಕೆ ಕೂಡದು, ತೂಕ ಪೂರ್ತಿಯಾಗಿರಬೇಕು, ಸಾಲ ಕೊಡಕೂಡದು. ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಆ ಪ್ರಮಾಣದಲ್ಲಿ ಹಂಚಬೇಕು. ಆ ಮಾದರಿ ನಮ್ಮ ರಾಜಧಾನಿಗೆ ಬಂದುದು 1904ರಲ್ಲಿ, ಮದರಾಸಿನ ಟ್ರಿಪ್ಲಿಕೇನ್ ಸಹಕಾರ ಭಂಡಾರದ ರೂಪದಲ್ಲಿ. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದರು. ಅದು ಸಾಲದ ಸಂಘ, ದಿನಸಿಯದಲ್ಲ. ಆದರೂ ಇವೆರಡನ್ನೂ ಒಟ್ಟಿಗೆ ನೆನೆಯುವುದು ಯುಕ್ತ. ಸಾಲ ಹಗುರವಾಗದೆ ನಗದು ವ್ಯಾಪಾರ ಸಾಧ್ಯವಿಲ್ಲ. ಇಂದಿಗೂ ತಮಿಳುನಾಡಿನ ಪಡಿತರದ ಅಂಗಡಿಗಳಲ್ಲಿ ಬಹುಪಾಲು ಸಹಕಾರ ಸಂಘಗಳ ಕೈಯಲ್ಲಿವೆ.

1999ರ ನವೆಂಬರ್ 14ರಂದು ಮಧುರೆಯಲ್ಲಿ ಮೊದಲ ‘ಉಳವರ್ ಸಂದೈ’ ತೆರೆಯಿತು. ಸೇಲಂ, ಧರ್ಮಪುರಿ, ಹೊಸೂರುಗಳಲ್ಲಿಯೂ ಅಂಥವು ಬಂದವು. ಬೆಳೆದವನೇ ಮಾರುತ್ತಾನೆ; ಆ ದಿನದ ದರವನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಹಲಗೆಯನ್ನು ಓದಿದ ಮೇಲೆ ಚೀಲ ಬಿಚ್ಚುವುದು ಒಳ್ಳೆಯದು.

ಅಳತೆಯ ತೊಡಕು ತೀರಿತೆಂದು ತಿಳಿಯುವಷ್ಟರಲ್ಲಿ ಅದು ಪೊಟ್ಟಣದೊಳಗೆ ಹೊಕ್ಕಿತು. ಚಹಾ, ಎಣ್ಣೆ, ಬಿಸ್ಕತ್ತು ಮೊದಲಾದವನ್ನು ಇಂತಿಂಥ ಪ್ರಮಾಣದಲ್ಲಿಯೇ ಕಟ್ಟಬೇಕೆಂಬ ಪಟ್ಟಿಯೊಂದು ಕೇಂದ್ರದ ನಿಯಮಗಳಲ್ಲಿತ್ತು. 2021ರ ತಿದ್ದುಪಡಿಯು ಆ ಪಟ್ಟಿಯನ್ನು ತೆಗೆದುಹಾಕಿ, ಅದಕ್ಕೆ ಬದಲಾಗಿ ಗ್ರಾಮಿಗೆ ಅಥವಾ ಕಿಲೋವಿಗೆ ಬೀಳುವ ಬೆಲೆಯನ್ನು ಅಚ್ಚು ಹಾಕಬೇಕೆಂದು ವಿಧಿಸಿತು. ಅಚ್ಚು ಬಲು ಸಣ್ಣದು. ಆದುದರಿಂದ ಐದನೆಯ ತರಗತಿಯಲ್ಲಿ ಮಕ್ಕಳಿಂದ ಖಾಲಿ ಪೊಟ್ಟಣಗಳನ್ನು ತರಿಸಿ ಲೆಕ್ಕ ಹಾಕಿಸುವುದು ನಮ್ಮ ಪದ್ಧತಿ. 180 ಗ್ರಾಮಿಗೆ 54 ರೂಪಾಯಿ, 250 ಗ್ರಾಮಿಗೆ 70 ರೂಪಾಯಿ ಎಂದರೆ ಮೊದಲನೆಯದೇ ಅಗ್ಗವೆಂದು ಕೈಗಳು ಏಳುತ್ತವೆ. ಭಾಗಿಸಿದಾಗ ಅದು ಗ್ರಾಮಿಗೆ 30 ಪೈಸೆ, ಎರಡನೆಯದು 28. ಹಾಗಾದರೆ ದೊಡ್ಡದೇ ಯಾವಾಗಲೂ ಲಾಭವೆಂದು ಬರೆದುಕೊಳ್ಳಲು ಹೊರಟವರಿಗೆ ಶಾಂಪೂವಿನ ಲೆಕ್ಕ ಕೊಡುತ್ತೇವೆ. ಅಲ್ಲಿ ಅನೇಕ ಸಲ ಒಂದು ರೂಪಾಯಿಯ ಚೀಟಿಯೇ ಸೀಸೆಗಿಂತ ಅಗ್ಗವಾಗಿ ಬೀಳುತ್ತದೆ.