ಬೀದರಕ್ಕೆ ಬಂದ ದೇಶಾಂತರ ವಿದ್ಯೆ

ಪಾಠಶಾಲೆಯ ಮಕ್ಕಳನ್ನು ಕಡಲಾಚೆಯ ನಾಡುಗಳಿಗೆ ಕರೆದೊಯ್ದು, ಅಲ್ಲಿಯ ಪ್ರಕೃತಿ, ಬೇಸಾಯ, ಜನಜೀವನಗಳನ್ನು ಕಣ್ಣಾರೆ ತೋರಿಸುವ ಪದ್ಧತಿಯು ಈಗ ಬಳಕೆಗೆ ಬಂದಿರುವುದು. ನ್ಯೂಜಿಲೆಂಡಿನ ಕುರಿಗಾವಲುಗಳನ್ನೂ ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಸಭಾಮಂದಿರಗಳನ್ನೂ ನೋಡಿ ಬರುವ ವಿದ್ಯಾರ್ಥಿಗಳುಂಟು. ದೇಶಾಟನವನ್ನು ಪಂಡಿತರ ಮೈತ್ರಿಯೊಡನೆ ಒಂದೇ ಸಾಲಿನಲ್ಲಿ ಎಣಿಸಿದ ನಮ್ಮ ನೀತಿಕಾರರಿಗೆ ಇದು ಹೊಸ ಮಾತಾಗಿ ತೋರುತ್ತಿರಲಿಲ್ಲ; ಸಮುದ್ರಯಾನವನ್ನು ಕಲಿಯುಗದಲ್ಲಿ ವರ್ಜ್ಯವೆಂದ ನಿಬಂಧಕಾರರು ಮಾತ್ರ ಹುಬ್ಬು ಗಂಟಿಕ್ಕುತ್ತಿದ್ದರು. ಬೀದರದ ಚರಿತ್ರೆಯಲ್ಲಿ ಈ ವಿಷಯದ ಮತ್ತೊಂದು ಮುಖವು ಕಾಣುವುದು. ಐದುನೂರೈವತ್ತು ವರ್ಷಗಳ ಹಿಂದೆ ದೇಶಾಂತರದವರು ಕಡಲು ದಾಟಿ ಬರುತ್ತಿದ್ದುದು ಈ ಊರಿಗೇ.

ಹೀಗೆ ಬಂದವರಲ್ಲಿ ರಷ್ಯಾದ ತ್ವೇರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನನ ಕಥೆಯು ಮನನೀಯವಾಗಿದೆ. ಅವನು 1469ರ ಸುಮಾರಿಗೆ ಚೌಲ ಬಂದರಿನಲ್ಲಿಳಿದು, ಜುನ್ನರದಲ್ಲಿ ಮಳೆಗಾಲವನ್ನು ಕಳೆದು, ಮಾರುವುದಕ್ಕೆಂದು ತಂದ ಒಂದು ಕುದುರೆಯೊಡನೆ ಬೀದರಕ್ಕೆ ಬಂದನು. ಮಳೆಗಾಲದಲ್ಲಿ ಜನರು ಉತ್ತು ಬಿತ್ತುವುದನ್ನೂ, ಕುದುರೆಗಳಿಗೆ ಕಾಳು ಬೇಯಿಸಿ ಹಾಕುವುದನ್ನೂ, ಖಿಚಡಿಯ ಊಟವನ್ನೂ ಅವನು ಬರೆದಿಟ್ಟನು. ಅಮೀರರ ವೈಭವವನ್ನು ಬಣ್ಣಿಸಿದ ಲೇಖನಿಯೇ ಹಳ್ಳಿಗರ ದಾರಿದ್ರ್ಯವನ್ನೂ ಮರೆಯದೆ ಗುರುತಿಸಿತು. ಆಸ್ಥಾನದ ಎಷ್ಟೋ ಇತಿಹಾಸಕಾರರಿಗೆ ಹಳ್ಳಿಗನು ಕಣ್ಣಿಗೇ ಬೀಳಲಿಲ್ಲವೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುವುದು. ಇಲ್ಲಿ 84 ಮತಗಳಿವೆ ಎಂದೂ ಅವನು ಬರೆದನು. ಚೌರಾಶಿಯ ಲೆಕ್ಕವನ್ನು ಯಾರೋ ಅವನ ಕಿವಿಯಲ್ಲಿ ಹೇಳಿರಬೇಕು.

ಮೊದಮೊದಲು ಹಿಂದೂ ಗೃಹಸ್ಥರು ಇವನನ್ನು ಮುಸಲ್ಮಾನನೆಂದು ತಿಳಿದು ತಮ್ಮ ಊಟ, ಪೂಜೆಗಳನ್ನು ಮರೆಮಾಡುತ್ತಿದ್ದರು. ತಾನು ಕ್ರೈಸ್ತನೆಂಬುದನ್ನು ಅವನು ತಾನಾಗಿಯೇ ತಿಳಿಸಿದ ಮೇಲೆ ಆ ಮರೆಯು ಸರಿಯಿತು. ಅವರೊಡನೆಯೇ ಅವನು ಶಿವರಾತ್ರಿಯ ಯಾತ್ರೆಗೆ ಪರ್ವತಕ್ಕೆ, ಎಂದರೆ ಶ್ರೀಶೈಲಕ್ಕೆ, ಹೋಗಿ ಕಪ್ಪುಕಲ್ಲಿನ ಬಸವಣ್ಣನನ್ನು ನೋಡಿದನು. ತನ್ನನ್ನು ಮರೆಮಾಚಿಕೊಂಡವನಿಗೆ ಪರರ ಮನೆಯ ಬಾಗಿಲು ಹೇಗೆ ತೆರೆದೀತು? ನಿಕಿತಿನನು ತಾಯ್ನಾಡಿಗೆ ಮರಳುವಾಗ, ತನ್ನ ಊರು ಸೇರುವ ಮೊದಲೇ, ಸ್ಮೊಲೆನ್ಸ್ಕಿನ ಬಳಿ ತೀರಿಕೊಂಡನು. ಅವನ ಬರಹ ಮಾತ್ರ ಮಾಸ್ಕೋ ಸೇರಿತು.

ಅವನ ಬರಹದಲ್ಲಿ ಮಲಿಕುತ್ತುಜ್ಜಾರ ಎಂಬ ಬಿರುದಿನಿಂದ ಕಾಣಿಸಿಕೊಳ್ಳುವ ಪುರುಷನೇ ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು. ಇವನೂ ಪರದೇಶಿಯೇ, ಪಾರಸೀಕದ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕಾಗಿ ಬಂದು ನಿಂತವನು. 1472ರಲ್ಲಿ ಇವನು ಕಟ್ಟಿಸಿದ ಮದರಸೆಯು ಮೂರು ಅಂತಸ್ತುಗಳ ಭವ್ಯ ವಿದ್ಯಾಲಯವಾಗಿತ್ತು. ವಿದ್ಯಾರ್ಥಿಗಳ ಕೋಣೆಗಳು, ಗುರುಗಳ ವಸತಿ, ಮಸೀದಿ, 3000 ಹಸ್ತಪ್ರತಿಗಳಿದ್ದುವೆಂದು ಹೇಳುವ ಗ್ರಂಥಭಂಡಾರ, ಹೊರಗೋಡೆಗೆ ಬಣ್ಣದ ಗಾಜುಹೊಳಪಿನ ಬಿಲ್ಲೆಗಳು. ಹಿರಾತಿನ ಕವಿ ಜಾಮಿಗೂ ಗವಾನನು ಆಹ್ವಾನವನ್ನು ಕಳುಹಿದನು, ಜಾಮಿಯು ಬರಲಿಲ್ಲ. ಅನ್ಯರು ಬಂದರು. 1481ರಲ್ಲಿ ಕೂಟಪತ್ರವೊಂದನ್ನು ನಂಬಿದ ಸುಲ್ತಾನನು ಈ ವೃದ್ಧ ಮಂತ್ರಿಗೆ ಮರಣದಂಡನೆಯನ್ನು ವಿಧಿಸಿದನು. ಮೊಗಲರ ಕಾಲದಲ್ಲಿ, 1696ರಲ್ಲಿ, ಸಿಡಿದ ಮದ್ದು ಕಟ್ಟಡದ ದೊಡ್ಡ ಭಾಗವನ್ನೂ ಎದುರಿನ ಎರಡು ಗೋಪುರಗಳಲ್ಲಿ ಒಂದನ್ನೂ ಕೆಡವಿತು. ಗ್ರಂಥಗಳ ಗತಿ ಏನಾಯಿತೆಂದು ಕೇಳುವುದೇ ದುಃಖ.

ಆದರೆ ದೇಶಾಂತರದಿಂದ ಬಂದುದೆಲ್ಲ ಹೀಗೆ ಅಳಿಯಲಿಲ್ಲ. ನೌಬಾದದ ಸುರಂಗ ಬಾವಿಯನ್ನು ನೋಡಿರಿ. ಪಾರಸೀಕರು ಕಾರೇಜ್ ಎನ್ನುವ ಈ ವಿದ್ಯೆ ಮರುಭೂಮಿಯಲ್ಲಿ ಹುಟ್ಟಿದುದು. ಎತ್ತರದಲ್ಲೊಂದು ತಾಯಿಬಾವಿಯನ್ನು ತೋಡಿ, ಅಲ್ಲಿಂದ ಅತ್ಯಲ್ಪ ಇಳಿಜಾರಿನ ಸುರಂಗವನ್ನು ನೆಲದೊಳಗೇ ಕೊರೆದು, ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ನೇರ ಬಾಯಿಗಳನ್ನು ಬಿಟ್ಟರೆ, ಏತವಿಲ್ಲದೆ, ಎತ್ತುಗಳಿಲ್ಲದೆ ನೀರು ತಾನಾಗಿ ಹರಿದುಬರುವುದು, ಬಿಸಿಲಿಗೆ ಆರುವುದಿಲ್ಲ. ಬೀದರದ ಮೇಲ್ನೆಲವು ಮಳೆನೀರನ್ನು ಹೀರುವ ಕೆಂಪು ಜಂಬಿಟ್ಟಿಗೆ. ಅದರಡಿಯಲ್ಲಿ ಗಟ್ಟಿಯಾದ ಕಪ್ಪುಬಂಡೆ. ಇಂತಹ ನೆಲದ ಸ್ವಭಾವವನ್ನರಿತು, ಎರಡೂ ಸಂಧಿಸುವೆಡೆಯ ನೀರನ್ನು ಹಿಡಿದವರು ಪರದೇಶದ ವಿದ್ಯೆಯನ್ನು ಈ ಮಣ್ಣಿನ ವಿದ್ಯೆಯನ್ನಾಗಿ ಮಾಡಿದರು. ಶತಮಾನಗಳ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆದಾಗ ಒಳಗೆ ನೀರು ಕಂಡಿತು. ಬಿದರಿ ಕೆಲಸದ್ದೂ ಇದೇ ವೃತ್ತಾಂತ: ಸತುವು ತಾಮ್ರಗಳ ಎರಕದಲ್ಲಿ ಬೆಳ್ಳಿಯನ್ನು ಕೂಡಿಸುವ ಕೈಚಳಕ ಪಾರಸೀಕದ ನಂಟಿನದಾದರೂ, ಪಾತ್ರೆಗೆ ಆ ಕಪ್ಪನ್ನು ಕೊಡುವುದು ಬೀದರದ ಕೋಟೆಯ ಮಣ್ಣು.

ಮದರಸೆಯ ಪಾಠಗಳು ಅರಬ್ಬಿ ಪಾರಸಿಗಳಲ್ಲಿ ನಡೆದುವು; ಮಾಂಜರಾ ತೀರದ ರೈತನ ಮಗನಿಗೆ ಅವು ದೂರದ ನುಡಿಗಳು. ನಿಜಾಮರ ಆಳ್ವಿಕೆಯಲ್ಲಿ ಉರ್ದುವು ರಾಜ್ಯಭಾಷೆಯೂ ಮೇಲಿನ ತರಗತಿಗಳ ಶಿಕ್ಷಣಭಾಷೆಯೂ ಆಯಿತು. ಉರ್ದುವಿನ ಸೊಗಸು ಬೇರೆ ಮಾತು. ಭಾಲ್ಕಿ ಔರಾದಗಳ ಜೋಳದ ಹೊಲಗಳ ನಡುವೆ ಕನ್ನಡವನ್ನೋ ಮರಾಠಿಯನ್ನೋ ಆಡಿ ಬೆಳೆದ ಬಾಲಕನು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಪರದೇಶಕ್ಕೆ ಕಾಲಿಟ್ಟಂತಾಗುತ್ತಿದ್ದಿತು. ಅವನಿಗೆ ಹಿಂದಿರುಗುವ ದಾರಿಯನ್ನು ಮಾತ್ರ ಯಾರೂ ತೋರಿಸುತ್ತಿರಲಿಲ್ಲ.

ಅದನ್ನು ತೋರಿಸಿದವರು, ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯ ಹಿರೇಮಠದ ಪೀಠವನ್ನೇರಿದ ಚನ್ನಬಸವ ಪಟ್ಟದ್ದೇವರು. ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬ ಅವರ ಶಾಲೆಯ ಕಥೆಯನ್ನು ಆ ಸೀಮೆಯಲ್ಲಿ ಅರಿಯದವರಿಲ್ಲ. 1948ರ ಸಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆಯು ಕೊನೆಗಂಡಿತು. 1956ರ ನವಂಬರ 1ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಪಟ್ಟದ್ದೇವರು ನೂರು ವರ್ಷಗಳನ್ನು ಮೀರಿ, 1999ರವರೆಗೆ ಬದುಕಿದ್ದು, ಅದೇ ಊರುಗಳ ಮಕ್ಕಳು ಬಹಿರಂಗವಾಗಿ ಕನ್ನಡ ಓದುವುದನ್ನು ಕಂಡರು.